ರಾಕೆಟ್ ಯಾಕೆ ಬಿತ್ತು ಎಂಬ ವರದಿ ನಮ್ಮ ಹುಡುಗರಿಗೂ ಓದಲು ಸಿಗಲಿ

ಸಂಪಾದಕರಿಗೆ ನಮಸ್ಕಾರ,

ರಾಷ್ಟ್ರೀಯ ಬಾಹ್ಯಾಕಾಶ ದಿನದ ಹೊತ್ತಿಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಚಂದ್ರಯಾನ-3ರ ವಿಶೇಷ ಪುಟ ಓದಿದೆ. ಚೆನ್ನಾಗಿತ್ತು. ಇಳಿದ ಜಾಗ, ಆದ ಖರ್ಚು, ರೋವರ್ ಓಡಾಡಿದ ದೂರ, ಎಲ್ಲಾ ಇತ್ತು. ಆದರೆ ಅದನ್ನು ಇಳಿಸಿದ ಸಾಫ್ಟ್‌ವೇರ್ ಬಗ್ಗೆ ಒಂದು ಸಾಲೂ ಇರಲಿಲ್ಲ. 2023ರ ಆಗಸ್ಟ್ 23ರ ಸಂಜೆ ಲ್ಯಾಂಡರ್ ಇಳಿಯಲು ಶುರು ಮಾಡಿದ ಮೇಲೆ ಹೆಚ್ಚುಕಡಿಮೆ ಇಪ್ಪತ್ತು ನಿಮಿಷ ಬೆಂಗಳೂರಿನ ಕೇಂದ್ರದಲ್ಲಿ ಕೂತವರು ಯಾರೂ ಅದನ್ನು ನಡೆಸುತ್ತಿರಲಿಲ್ಲ. ಎತ್ತರ ಎಷ್ಟಿದೆ, ವೇಗ ಎಷ್ಟಿದೆ, ಯಾವ ಎಂಜಿನ್ ಎಷ್ಟು ಉರಿಯಬೇಕು, ಕೆಳಗೆ ಬಂಡೆ ಇದೆಯಾ ಗುಂಡಿ ಇದೆಯಾ, ಎಲ್ಲಾ ತೀರ್ಮಾನ ಅದರೊಳಗಿನ ಪ್ರೋಗ್ರಾಮಿನದ್ದೇ. ಅಷ್ಟು ದೊಡ್ಡ ಕೆಲಸ ಮಾಡಿದ ಪ್ರೋಗ್ರಾಂ ಹೇಗೆ ಬರೆದರು, ಹೇಗೆ ಪರೀಕ್ಷೆ ಮಾಡಿದರು ಅನ್ನೋದು ನಮ್ಮ ಜನಕ್ಕೆ ಗೊತ್ತಾಗಬೇಡವೇ?

ನಾನು ರಾಯಚೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವನು. ಮಾನ್ವಿ, ಸಿಂಧನೂರು, ದೇವದುರ್ಗ, ಲಿಂಗಸುಗೂರು ಕಡೆಯಿಂದ ಬರುವ ಹುಡುಗ ಹುಡುಗಿಯರು. ಮನೆಯಲ್ಲಿ ಬತ್ತ, ಹತ್ತಿ ಬೆಳೆಯುವವರು ಜಾಸ್ತಿ. ನನ್ನ ಕೇಳಿಕೆ ಒಂದೇ. ರಾಕೆಟ್ಟೋ ಉಪಗ್ರಹವೋ ಕೈಕೊಟ್ಟಾಗ ಇಸ್ರೊ ತಜ್ಞರ ಸಮಿತಿ ಕೂರಿಸಿ ಕಾರಣ ಹುಡುಕುತ್ತದಲ್ಲ, ಆ ಸಮಿತಿಯ ವರದಿಯನ್ನು, ಅದರಲ್ಲೂ ಸಾಫ್ಟ್‌ವೇರಿಗೆ ಸಂಬಂಧಪಟ್ಟ ಭಾಗವನ್ನು, ಗುಟ್ಟಾಗಿ ಇಡಲೇಬೇಕಾದದ್ದನ್ನು ತೆಗೆದು ಉಳಿದದ್ದನ್ನು ಎಲ್ಲರಿಗೂ ಓದಲು ಕೊಡಬೇಕು. ಈಗ ಸಿಗುವುದು ಒಂದೆರಡು ಪುಟದ ಸಾರಾಂಶ, ಅದೂ ಕೆಲವೊಮ್ಮೆ ಮಾತ್ರ. ಉಳಿದಂತೆ ಯಾವುದೋ ಸಂದರ್ಶನದಲ್ಲಿ, ಯಾವುದೋ ಭಾಷಣದಲ್ಲಿ ಅಧ್ಯಕ್ಷರು ಹೇಳಿದ ನಾಲ್ಕು ಮಾತು. ಪಾಠ ಮಾಡೋದಕ್ಕೆ ಅದು ಸಾಲದು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಬೇರೆ ದೇಶಗಳ ವರದಿ ಓದಿಸಿ ಅದರ ಫಲ ಕಣ್ಣಾರೆ ನೋಡಿದ್ದೇನೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ಮೊದಲ ಹಾರಾಟದಲ್ಲೇ ಸುಮಾರು 37 ಸೆಕೆಂಡಿಗೆ ದಾರಿ ತಪ್ಪಿ ಸಿಡಿದುಹೋಯಿತು. ನಾಲ್ಕು ವೈಜ್ಞಾನಿಕ ಉಪಗ್ರಹ ಅದರ ಜೊತೆಗೇ ಹೋದವು. ಜೂಲೈ 19ಕ್ಕೆ, ಅಂದರೆ ಒಂದೂವರೆ ತಿಂಗಳಲ್ಲಿ, ತನಿಖಾ ಮಂಡಳಿಯ ವರದಿ ಸಿದ್ಧ. ಅದು ಲೋಕಕ್ಕೆಲ್ಲಾ ಓದಲು ಸಿಕ್ಕಿತು, ಈಗಲೂ ಸಿಗುತ್ತದೆ. ಅದರಲ್ಲಿ ಏನಿದೆ ನೋಡಿ. ರಾಕೆಟ್ಟಿನ ದಿಕ್ಕು ಹೇಳುವ ಉಪಕರಣದ ಸಾಫ್ಟ್‌ವೇರನ್ನು ಹಳೆಯ ಏರಿಯಾನ್-4ರಿಂದ ಹಾಗೇ ತಂದಿದ್ದರು. ಅದರೊಳಗೆ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಜಾಗಕ್ಕೆ ತುಂಬುವ ಒಂದು ಸಾಲು. ಹಳೆಯ ರಾಕೆಟ್ಟಿನಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ. ಹೊಸದು ಅಡ್ಡಡ್ಡಲಾಗಿ ಬೇಗ ವೇಗ ಪಡೆಯುತ್ತಿತ್ತು, ಸಂಖ್ಯೆ ಜಾಗ ಮೀರಿತು, ಉಪಕರಣ ಕೆಲಸ ನಿಲ್ಲಿಸಿತು. ಬದಲಿಗೆ ಅಂತ ಎರಡನೆಯದೊಂದು ಇಟ್ಟಿದ್ದರು, ಅದರಲ್ಲೂ ಅದೇ ಸಾಫ್ಟ್‌ವೇರ್. ಅದೂ ಅದೇ ಕಾರಣಕ್ಕೆ ನಿಂತಿತು. ನಿಂತ ಉಪಕರಣ ಕಳಿಸಿದ ದೋಷದ ಸಂದೇಶವನ್ನೇ ಮುಖ್ಯ ಕಂಪ್ಯೂಟರ್ ಹಾರಾಟದ ಅಂಕಿ ಎಂದು ತಿಳಿದು ರಾಕೆಟ್ಟಿನ ನಳಿಕೆಗಳನ್ನು ಪೂರ್ತಿ ತಿರುಗಿಸಿಬಿಟ್ಟಿತು. ಇನ್ನೊಂದು ವಿಷಯ, ಆ ಲೆಕ್ಕ ನಡೆಯುತ್ತಿದ್ದ ಭಾಗಕ್ಕೆ ರಾಕೆಟ್ ನೆಲ ಬಿಟ್ಟ ಮೇಲೆ ಏರಿಯಾನ್-5ರಲ್ಲಿ ಕೆಲಸವೇ ಇರಲಿಲ್ಲ. ಹಳೆಯದರಲ್ಲಿ ಇತ್ತು ಅಂತ ಉಳಿದುಕೊಂಡಿತ್ತು.

ಇಷ್ಟನ್ನು ಸುದ್ದಿಯಲ್ಲೂ ಓದಬಹುದು. ನನಗೆ ಬೆಲೆಬಾಳುವುದು ವರದಿಯ ಒಳಗಿನ ಇನ್ನೊಂದು ಮಾತು. ಹಾಗೆ ಜಾಗ ಮೀರಬಹುದಾದ ಏಳು ಸಂಖ್ಯೆಗಳು ಅಲ್ಲಿದ್ದವು. ನಾಲ್ಕಕ್ಕೆ ಕಾವಲು ಹಾಕಿದ್ದರು, ಮೂರನ್ನು ಹಾಗೇ ಬಿಟ್ಟಿದ್ದರು, ಯಾಕೆಂದರೆ ಕಂಪ್ಯೂಟರಿನ ಮೇಲೆ ಹೊರೆ ಜಾಸ್ತಿಯಾಗಬಾರದಿತ್ತು. ಅದು ಯಾರೋ ಒಬ್ಬ ಪ್ರೋಗ್ರಾಮರ್ ಸುಮ್ನೆ ಮರೆತದ್ದಲ್ಲ, ಹಲವರು ಕೂತು ಒಪ್ಪಿದ ತೀರ್ಮಾನ. ಆದರೆ ಯಾಕೆ ಬಿಟ್ಟೆವು ಅನ್ನುವ ಕಾರಣ ಕೋಡಿನಲ್ಲಿ ಎಲ್ಲೂ ಬರೆದಿರಲಿಲ್ಲ. ರಾಶಿ ರಾಶಿ ದಾಖಲೆಗಳ ನಡುವೆ ಆ ಊಹೆ ಹೂತುಹೋಗಿತ್ತು. ಮುಂದೆ ಅದನ್ನು ಹೊಸ ರಾಕೆಟ್ಟಿಗೆ ತೆಗೆದುಕೊಂಡವರ ಕಣ್ಣಿಗೆ ಅದು ಬೀಳಲೇ ಇಲ್ಲ. ಕೋಡಿಗೆ ಕಾಮೆಂಟ್ (ವಿವರಣೆಯ ಸಾಲು) ಯಾಕೆ ಬರೆಯಬೇಕು ಸರ್, ಓಡಿದರೆ ಸಾಲದಾ ಅಂತ ಕೇಳುವ ಹುಡುಗರಿಗೆ ಇದನ್ನು ಓದಿಸಿದ ಮೇಲೆ ನಾನು ಬೇರೆ ಏನೂ ಹೇಳಬೇಕಾಗಿಲ್ಲ.

ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆ ನಿಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿರುತ್ತದೆ. 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದ ಹತ್ತಿರ ಕಳೆದುಹೋಯಿತು. ಒಂದು ಕಡೆಯ ಸಾಫ್ಟ್‌ವೇರ್ ನೂಕುಬಲದ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟದ್ದನ್ನು ಇನ್ನೊಂದು ಕಡೆ ನ್ಯೂಟನ್ ಲೆಕ್ಕ ಎಂದು ಓದಿಕೊಂಡರು, 4.45 ಪಟ್ಟು ವ್ಯತ್ಯಾಸ. 226 ಕಿ.ಮೀ. ಎತ್ತರದಲ್ಲಿ ಹಾದುಹೋಗಬೇಕಾದ ನೌಕೆ 57 ಕಿ.ಮೀ.ಗೆ ಇಳಿದುಬಿಟ್ಟಿತು. ಎಲ್ಲರೂ ಇಲ್ಲಿಗೇ ನಿಲ್ಲಿಸಿ ಅಳತೆಯ ಎಡವಟ್ಟು ಅಂತ ನಗುತ್ತಾರೆ. ವರದಿ ಓದಿದರೆ ನಗು ಬರುವುದಿಲ್ಲ. ದಾರಿ ಲೆಕ್ಕ ಹಾಕುವ ತಂಡದವರಿಗೆ ಏನೋ ಸರಿಯಿಲ್ಲ ಎಂಬ ಅನುಮಾನ ಮೊದಲೇ ಬಂದಿತ್ತು. ಹೇಳಿಯೂ ಇದ್ದರು. ಆದರೆ ನಿಗದಿಯಾದ ನಮೂನೆಯಲ್ಲಿ ಬರೆದು ಕೊಟ್ಟಿರಲಿಲ್ಲ, ಹಾಗಾಗಿ ಅದು ಮೇಲಿನವರೆಗೆ ಸರಿಯಾಗಿ ಮುಟ್ಟಲಿಲ್ಲ. ನೌಕೆಯ ವಿನ್ಯಾಸದ ವಿವರವೂ ಆ ತಂಡಕ್ಕೆ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿದ್ದವರು ಒಂದು ಕೋಣೆಯಲ್ಲಿ, ಗೊತ್ತಾಗಬೇಕಾದವರು ಇನ್ನೊಂದು ಕೋಣೆಯಲ್ಲಿ. ನನಗೆ ಕಾಣುವ ಮಟ್ಟಿಗೆ ಬಾಹ್ಯಾಕಾಶದ ಸಾಫ್ಟ್‌ವೇರ್ ಕೈಕೊಟ್ಟ ಕಥೆಗಳಲ್ಲಿ ಕೋಡು ಬರೆಯಲು ಬಾರದ್ದು ಕಾರಣವಾಗುವುದು ಕಡಿಮೆ. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಮುಟ್ಟದೇ ಇರುವುದೇ ಜಾಸ್ತಿ.

ತರಗತಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆಯುವ ಪಾಠ ನಾಸಾದ ಮಾರ್ಸ್ ಪಾತ್‌ಫೈಂಡರ್ ನೌಕೆಯದ್ದು. 1997ರ ಜುಲೈ 4ರಂದು ಮಂಗಳದಲ್ಲಿ ಇಳಿಯಿತು, ಚಿತ್ರ ಕಳಿಸಿತು, ಆಮೇಲೆ ಕೆಲವು ದಿನಕ್ಕೆ ಅದರ ಕಂಪ್ಯೂಟರ್ ಆಗಾಗ ತಾನಾಗಿಯೇ ರೀಸೆಟ್ ಆಗತೊಡಗಿತು. ಕಾರಣ ಹೀಗಿದೆ. ಒಳಗಿರುವುದು ಒಂದೇ ಪ್ರೊಸೆಸರ್, ಕೆಲಸಗಳು ಹಲವು, ಪ್ರತಿ ಕೆಲಸಕ್ಕೂ ಒಂದು ಆದ್ಯತೆ. ಹವಾಮಾನದ ಅಂಕಿ ಸೇರಿಸುವ ಕೆಲಸ ಕೆಳಗಿನ ಆದ್ಯತೆಯದ್ದು, ನೌಕೆಯೊಳಗಿನ ಮಾಹಿತಿ ಹಂಚುವ ಕೆಲಸ ಮೇಲಿನದ್ದು. ಎರಡೂ ಒಂದೇ ಮ್ಯೂಟೆಕ್ಸ್ ಬಳಸುತ್ತಿದ್ದವು, ಅಂದರೆ ಒಂದು ಹಿಡಿದಾಗ ಇನ್ನೊಂದು ಕಾಯಬೇಕು. ಕೆಳಗಿನದು ಅದನ್ನು ಹಿಡಿದುಕೊಂಡಿರುವಾಗಲೇ ಮಧ್ಯದ ಆದ್ಯತೆಯ ಬೇರೊಂದು ಕೆಲಸ ಬಂದು ಅದನ್ನು ಪಕ್ಕಕ್ಕೆ ಸರಿಸಿ ತಾನು ಓಡುತ್ತಿತ್ತು. ಕೆಳಗಿನದು ಬಿಟ್ಟುಕೊಡಲು ಆಗದೆ, ಮೇಲಿನದು ಮುಂದೆ ಹೋಗಲು ಆಗದೆ, ಎರಡೂ ಕಾಯುತ್ತಾ ಕೂರುತ್ತಿದ್ದವು. ಹೊತ್ತಿಗೆ ಸರಿಯಾಗಿ ಕೆಲಸ ಮುಗಿದಿಲ್ಲ ಎಂದು ಕಂಡು ಕಂಪ್ಯೂಟರ್ ರೀಸೆಟ್ ಆಗುತ್ತಿತ್ತು. ಎಂಜಿನಿಯರುಗಳು ಭೂಮಿಯ ಮೇಲೆ ಅದೇ ತರದ ಯಂತ್ರದಲ್ಲಿ ಅದೇ ದೋಷ ಮರುಕಳಿಸುವಂತೆ ಮಾಡಿ, ಕಾರಣ ಹಿಡಿದು, ಒಂದು ಸೆಟ್ಟಿಂಗ್ ಬದಲಿಸುವ ಆಜ್ಞೆಯನ್ನು ಮಂಗಳಕ್ಕೆ ಕಳಿಸಿ ಸರಿಮಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಆ ಸಾಫ್ಟ್‌ವೇರ್ ತಂಡದ ಮುಖ್ಯಸ್ಥ ಗ್ಲೆನ್ ರೀವ್ಸ್ ಏನಾಯಿತು ಅನ್ನೋದನ್ನು ಪೂರ್ತಿ ಬಿಡಿಸಿ ಬರೆದು ಎಲ್ಲರಿಗೂ ಹಂಚಿದರು. ಇಳಿಯುವ ಮೊದಲು ಭೂಮಿಯ ಮೇಲಿನ ಪರೀಕ್ಷೆಯಲ್ಲೂ ಇಂಥ ರೀಸೆಟ್ ಕಂಡಿತ್ತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಇವತ್ತು ಆಪರೇಟಿಂಗ್ ಸಿಸ್ಟಂ ವಿಷಯ ಓದುವ ಲೋಕದ ಎಲ್ಲಾ ಹುಡುಗರೂ ಆ ಒಂದು ಬರಹದಿಂದ ಕಲಿಯುತ್ತಿದ್ದಾರೆ. ನಮ್ಮ ಸಿಲೆಬಸ್ಸಿನಲ್ಲಿ ಈ ದೋಷಕ್ಕೆ ಆದ್ಯತೆಯ ತಿರುವುಮುರುವು (ಪ್ರಯಾರಿಟಿ ಇನ್ವರ್ಷನ್) ಅಂತ ಎರಡು ಸಾಲಿನ ವಿವರಣೆ ಇದೆ, ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ, ಮರೆಯುತ್ತಾರೆ. ಪಾತ್‌ಫೈಂಡರ್ ಕಥೆಯಾಗಿ ಹೇಳಿದಾಗ ಮಾತ್ರ ಹಿಂದಿನ ಬೆಂಚಿನವರೂ ಕತ್ತೆತ್ತಿ ಕೇಳುತ್ತಾರೆ, ಸರ್ ಹಾಗಾದರೆ ನಮ್ಮ ಮಂಗಳಯಾನದಲ್ಲಿ ಹೀಗೆ ಏನಾದರೂ ಆಗಿತ್ತಾ, ಅವರು ಏನು ಮಾಡಿದರು ಅಂತ ಕೇಳುತ್ತಾರೆ. ಕೈಗೆ ಕೊಟ್ಟು ಓದು ಅನ್ನುವಂಥ ಬರಹ ನನ್ನ ಹತ್ತಿರ ಇರುವುದಿಲ್ಲ.

ಇಸ್ರೊ ಏನನ್ನೂ ಹಂಚುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಚಂದ್ರಯಾನ-2ರ ಉಪಕರಣಗಳು ಕಳಿಸಿದ ಅಂಕಿಅಂಶ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ದತ್ತಾಂಶ ಕೇಂದ್ರದ ಮೂಲಕ ಯಾರು ಬೇಕಾದರೂ ಪಡೆಯಬಹುದು. ಇಸ್ರೊದ ಭುವನ್ ಜಾಲತಾಣದ ನಕ್ಷೆಗಳನ್ನು ನಮ್ಮ ಹುಡುಗರೂ ಬಳಸುತ್ತಾರೆ. ತಿರುವನಂತಪುರದ ವಿಕ್ರಂ ಸಾರಾಭಾಯಿ ಕೇಂದ್ರದವರು ರಾಕೆಟ್ ಭಾಗಗಳ ಬಲ ಲೆಕ್ಕಹಾಕಲು ತಾವೇ ಬರೆದ ಫೀಸ್ಟ್ ಎಂಬ ಸಾಫ್ಟ್‌ವೇರನ್ನು ಕಾಲೇಜುಗಳಿಗೂ ಕೊಡುತ್ತಿದ್ದಾರೆ. ಇದೆಲ್ಲಾ ಮೆಚ್ಚಬೇಕಾದದ್ದೇ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಮೊದಲ ಸಲ ಸಮುದ್ರಕ್ಕೆ ಬಿದ್ದಾಗ ಆಗಿನ ಇಸ್ರೊ ಅಧ್ಯಕ್ಷ ಸತೀಶ್ ಧವನ್ ಅವರೇ ಪತ್ರಕರ್ತರ ಮುಂದೆ ಕೂತು ಸೋಲಿನ ಹೊಣೆ ಹೊತ್ತ ಸಂಗತಿಯನ್ನು ಅಬ್ದುಲ್ ಕಲಾಂ ಎಷ್ಟೋ ಕಡೆ ಹೇಳಿದ್ದಾರೆ. ಆ ಸಂಸ್ಥೆಗೆ ಬಿಚ್ಚುಮನಸ್ಸಿನ ಪರಂಪರೆ ಇದೆ.

ಎಸ್‌ಎಸ್‌ಎಲ್‌ವಿ ವಿಷಯದಲ್ಲಿ ಆ ಪರಂಪರೆ ಕೆಲಸ ಮಾಡಿದ್ದನ್ನೂ ನೋಡಿದ್ದೇವೆ. 2022ರ ಆಗಸ್ಟ್ 7ರಂದು ಆ ಚಿಕ್ಕ ರಾಕೆಟ್ಟಿನ ಮೊದಲ ಹಾರಾಟ. ಘನ ಇಂಧನದ ಮೂರೂ ಹಂತ ಸರಿಯಾಗಿ ಉರಿದವು. ಆದರೂ ಉಪಗ್ರಹಗಳು 356 ಕಿ.ಮೀ. ಎತ್ತರದ ದುಂಡನೆಯ ಕಕ್ಷೆಗೆ ಹೋಗುವ ಬದಲು ಒಂದು ತುದಿ 356, ಇನ್ನೊಂದು ತುದಿ 76 ಕಿ.ಮೀ. ಇರುವ ಕಕ್ಷೆಗೆ ಬಿದ್ದವು. 76 ಕಿ.ಮೀ. ಅಂದರೆ ಗಾಳಿಯೊಳಗೇ ಬಂದಂತೆ, ಉಳಿಯುವ ಮಾತೇ ಇಲ್ಲ. ಎರಡನೇ ಹಂತ ಬೇರೆಯಾಗುವಾಗ ಸ್ವಲ್ಪ ಹೊತ್ತು ಅದುರಿತು. ಆ ಅದುರಿಗೆ ವೇಗದ ಬದಲಾವಣೆ ಅಳೆಯುವ ಸೆನ್ಸರುಗಳು ವಿಪರೀತ ಅಂಕಿ ತೋರಿಸಿದವು. ಸೆನ್ಸರ್ ಕೆಟ್ಟಿದೆಯಾ ಇಲ್ಲವಾ ಎಂದು ನೋಡುವ ಸಾಫ್ಟ್‌ವೇರ್ ಇವೆಲ್ಲಾ ಕೆಟ್ಟಿವೆ ಎಂದು ತೀರ್ಮಾನಿಸಿ ಬದಿಗಿಟ್ಟಿತು. ಸೆನ್ಸರುಗಳು ಕೆಟ್ಟಿರಲಿಲ್ಲ. ಆ ಉಪಗ್ರಹಗಳಲ್ಲಿ ಒಂದಕ್ಕೆ ದೇಶದ 75 ಶಾಲೆಗಳ 750 ಹುಡುಗಿಯರು ಕೈಯಾರೆ ಭಾಗ ಜೋಡಿಸಿದ್ದರು. ಇಸ್ರೊ ಕಾರಣವನ್ನು ಸಾರಾಂಶವಾಗಿ ಪ್ರಕಟಿಸಿತು, ಬೇರ್ಪಡಿಸುವ ವ್ಯವಸ್ಥೆಯನ್ನೂ ಸಾಫ್ಟ್‌ವೇರಿನ ತರ್ಕವನ್ನೂ ಬದಲಿಸಿತು, 2023ರ ಫೆಬ್ರುವರಿ 10ರಂದು ಎರಡನೇ ಹಾರಾಟ ಗೆದ್ದಿತು.

ಈಗ ಇದರ ಪಕ್ಕದಲ್ಲೇ ಇನ್ನೊಂದನ್ನು ಇಟ್ಟು ನೋಡಿ. ಎರಡನೇ ಹಾರಾಟ ಗೆದ್ದು ಮೂರು ತಿಂಗಳೂ ಆಗಿರಲಿಲ್ಲ, 2023ರ ಏಪ್ರಿಲ್ ಕೊನೆಯಲ್ಲಿ ಜಪಾನಿನ ಐಸ್ಪೇಸ್ ಕಂಪನಿಯ ಹಕುಟೊ-ಆರ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿತು. ಇಳಿಯುವ ದಾರಿಯಲ್ಲಿ ಒಂದು ದೊಡ್ಡ ಕುಳಿಯ ಅಂಚು ಸಿಕ್ಕಿತು, ಸುಮಾರು 3 ಕಿ.ಮೀ. ಎತ್ತರದ್ದು. ಅದನ್ನು ದಾಟುತ್ತಿದ್ದಂತೆ ಎತ್ತರ ಅಳೆಯುವ ಸೆನ್ಸರಿನ ಅಂಕಿ ಒಮ್ಮೆಗೇ ಜಿಗಿಯಿತು. ಸಾಫ್ಟ್‌ವೇರ್ ಈ ಸೆನ್ಸರ್ ಕೆಟ್ಟಿದೆ ಎಂದು ಅದರ ಮಾತು ಕೇಳುವುದನ್ನೇ ಬಿಟ್ಟಿತು. ಇನ್ನೂ 5 ಕಿ.ಮೀ. ಮೇಲಿರುವಾಗಲೇ ನೆಲ ಮುಟ್ಟಿದೆನೆಂದುಕೊಂಡು, ಇಂಧನ ತೀರಿ ಬಿದ್ದುಹೋಯಿತು. ವಿನ್ಯಾಸ ಮುಗಿದ ಮೇಲೆ ಇಳಿಯುವ ಜಾಗ ಬದಲಾಗಿತ್ತು ಎಂಬುದನ್ನು ಒಂದೇ ತಿಂಗಳಲ್ಲಿ ಕಂಪನಿ ತಾನೇ ಹೇಳಿಕೊಂಡಿತು. ಒಂದು ಶ್ರೀಹರಿಕೋಟದಿಂದ ಹೊರಟ ರಾಕೆಟ್, ಇನ್ನೊಂದು ಜಪಾನಿನ ಲ್ಯಾಂಡರ್. ಎರಡರಲ್ಲೂ ದೋಷ ಒಂದೇ ಜಾತಿಯದು, ನಿಜ ಹೇಳುತ್ತಿದ್ದ ಸೆನ್ಸರನ್ನು ಸಾಫ್ಟ್‌ವೇರ್ ನಂಬಲಿಲ್ಲ. ಯಾವಾಗ ನಂಬಬೇಕು, ಎಷ್ಟು ಹೊತ್ತು ಕಾದು ನೋಡಬೇಕು, ಎಲ್ಲಾ ಸೆನ್ಸರೂ ಒಟ್ಟಿಗೇ ವಿಚಿತ್ರ ಅಂಕಿ ಕೊಟ್ಟರೆ ಕೆಟ್ಟಿರುವುದು ಸೆನ್ಸರಾ ಅಥವಾ ನಿಜವಾಗಿಯೂ ಹೊರಗೆ ಏನೋ ಆಗುತ್ತಿದೆಯಾ? ಇದು ರಾಕೆಟ್ಟಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಂಟ್ರೋಲ್ ರೂಮಿನಲ್ಲಿ ಕೂರುವ ನಮ್ಮ ಹುಡುಗರು ದಿನಾ ಎದುರಿಸುವ ಪ್ರಶ್ನೆ. ಹಾಗಿದ್ದಾಗ ಎಸ್‌ಎಸ್‌ಎಲ್‌ವಿಯ ಪೂರ್ತಿ ವರದಿ ಅವರ ಕೈಗೆ ಸಿಕ್ಕರೆ ಎಷ್ಟು ಲಾಭ ಅಲ್ವಾ?

ಚಂದ್ರಯಾನ-2ರದ್ದು ಇನ್ನೂ ದೊಡ್ಡ ಪಾಠ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಂ ಲ್ಯಾಂಡರ್ ಕೈತಪ್ಪಿತು. ಆ ನವೆಂಬರಿನಲ್ಲಿ ಲೋಕಸಭೆಗೆ ಸಿಕ್ಕ ಉತ್ತರ ಇಷ್ಟು: 30 ಕಿ.ಮೀ.ಯಿಂದ 7.4 ಕಿ.ಮೀ.ವರೆಗೆ ಎಲ್ಲಾ ಸರಿಯಿತ್ತು, ವೇಗ ಸೆಕೆಂಡಿಗೆ 1683 ಮೀಟರಿನಿಂದ 146 ಮೀಟರಿಗೆ ಇಳಿದಿತ್ತು, ಎರಡನೇ ಹಂತದಲ್ಲಿ ವೇಗ ಅಂದಾಜಿಗಿಂತ ಜಾಸ್ತಿ ಇಳಿಯಿತು, ಲ್ಯಾಂಡರ್ ನಿಗದಿಯಾದ ಜಾಗದಿಂದ 500 ಮೀಟರ್ ಒಳಗೇ ಜೋರಾಗಿ ಬಿದ್ದಿತು. ಯಾಕೆ ಹಾಗಾಯಿತು ಅನ್ನೋದನ್ನು ಆಗಿನ ಇಸ್ರೊ ಅಧ್ಯಕ್ಷ ಎಸ್. ಸೋಮನಾಥ್ ಬಿಡಿಸಿ ಹೇಳಿದ್ದು 2023ರಲ್ಲಿ, ಚಂದ್ರಯಾನ-3 ಹೊರಡುವ ಹೊತ್ತಿಗೆ. ಐದು ಎಂಜಿನ್‌ಗಳು ಅಂದಾಜಿಗಿಂತ ಜಾಸ್ತಿ ನೂಕಿದವು, ಸಣ್ಣ ಸಣ್ಣ ವ್ಯತ್ಯಾಸ ಸೇರಿ ದೊಡ್ಡದಾಯಿತು, ಲ್ಯಾಂಡರ್ ಬೇಗ ತಿರುಗಬೇಕಾಯಿತು, ಆದರೆ ಎಷ್ಟು ಬೇಗ ತಿರುಗಬಹುದು ಎಂಬುದಕ್ಕೆ ಸಾಫ್ಟ್‌ವೇರಿನಲ್ಲಿ ಮಿತಿ ಹಾಕಿದ್ದರು. ಮೇಲಾಗಿ 500 ಮೀಟರ್ ಉದ್ದ, 500 ಮೀಟರ್ ಅಗಲದ ಚಿಕ್ಕ ಜಾಗದೊಳಗೇ ಇಳಿಯಬೇಕು ಎಂಬ ಕಟ್ಟು ಬೇರೆ. ಚಂದ್ರಯಾನ-3ರಲ್ಲಿ ಆ ಜಾಗವನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು, ಇಂಧನ ಹೆಚ್ಚಿಸಿದರು, ಕಾಲು ಗಟ್ಟಿ ಮಾಡಿದರು, ವೇಗ ಅಳೆಯಲು ಲೇಸರ್ ಉಪಕರಣ ಸೇರಿಸಿದರು, ಏನೆಲ್ಲಾ ಕೆಡಬಹುದು ಎಂದು ಯೋಚಿಸಿ ಅದಕ್ಕೆ ತಕ್ಕಂತೆ ವಿನ್ಯಾಸ ಮಾಡಿದರು.

ನನ್ನ ಪ್ರಕಾರ ಇದು ಭಾರತದ ಎಂಜಿನಿಯರಿಂಗ್ ಇತಿಹಾಸದಲ್ಲೇ ದೊಡ್ಡ ಪಾಠಗಳಲ್ಲಿ ಒಂದು. ಬಿದ್ದವರು, ಬಿದ್ದದ್ದಕ್ಕೆ ಕಾರಣ ಹಿಡಿದು, ನಾಲ್ಕೇ ವರ್ಷದಲ್ಲಿ ಗೆದ್ದರು. ಇದನ್ನು ಪುಸ್ತಕದ ಗಾತ್ರದ ವರದಿಯಾಗಿ, ಕೋಷ್ಟಕ ಚಿತ್ರಗಳ ಸಮೇತ ಪ್ರತಿ ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಇಡಬೇಕಿತ್ತು. ತಿರುಗುವ ಮಿತಿಯನ್ನು ಯಾಕೆ ಅಷ್ಟಕ್ಕೇ ಇಟ್ಟಿದ್ದರು, ಪರೀಕ್ಷೆಗಳಲ್ಲಿ ಇದು ಯಾಕೆ ಕಾಣಲಿಲ್ಲ, ಆಮೇಲೆ ಪರೀಕ್ಷೆ ಮಾಡುವ ರೀತಿಯನ್ನು ಹೇಗೆ ಬದಲಿಸಿದರು? ಹುಡುಗರಿಗೆ ಬೇಕಾದದ್ದು ಈ ಉತ್ತರಗಳು. ಬಿದ್ದ ಆ ವಿಕ್ರಂನ ಚೂರುಗಳನ್ನು ಮೊದಲು ಗುರುತಿಸಿದ್ದು ಯಾರು ನೆನಪಿದೆಯಾ? ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್. ನಾಸಾ ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಚಂದ್ರನ ಚಿತ್ರಗಳನ್ನು ತನ್ನ ಮನೆಯ ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿ ಹಿಡಿದರು, 2019ರ ಡಿಸೆಂಬರಿನಲ್ಲಿ ನಾಸಾ ಅದನ್ನು ಒಪ್ಪಿ ಅವರ ಹೆಸರು ಹೇಳಿತು. ಮಾಹಿತಿ ಕೊಟ್ಟು ನೋಡಿ, ನಮ್ಮವರು ಏನು ಮಾಡುತ್ತಾರೆ ಅನ್ನೋದು ಆಮೇಲೆ ತಾನೇ ಗೊತ್ತಾಗುತ್ತದೆ.

ದೇಶದ ಭದ್ರತೆಯ ವಿಷಯ ಅಂತ ಕೆಲವರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಉಪಗ್ರಹ ಹೊತ್ತೊಯ್ಯುವ ರಾಕೆಟ್ಟಿಗೂ ಕ್ಷಿಪಣಿಗೂ ದಾರಿ ತೋರಿಸುವ ವಿದ್ಯೆ ಒಂದೇ, ಅದರ ಕೋಡನ್ನು ಯಾವ ದೇಶವೂ ಬೀದಿಗೆ ಇಡುವುದಿಲ್ಲ, ಅಮೆರಿಕದಲ್ಲೂ ಅದಕ್ಕೆ ಕಠಿಣ ಕಾನೂನಿದೆ. ನಮ್ಮ ಮಾಹಿತಿ ಹಕ್ಕು ಕಾಯ್ದೆಯಲ್ಲೂ ದೇಶದ ವೈಜ್ಞಾನಿಕ ಹಿತಕ್ಕೆ ಧಕ್ಕೆಯಾಗುವುದನ್ನು ಕೊಡಬೇಕಿಲ್ಲ ಎಂದಿದೆ. ಅದನ್ನು ಯಾರೂ ಕೇಳುತ್ತಿಲ್ಲ. ಅಷ್ಟು ಕಠಿಣ ಕಾನೂನು ಇಟ್ಟುಕೊಂಡೇ ನಾಸಾ ತನ್ನ ಸಾಫ್ಟ್‌ವೇರ್ ಎಂಜಿನಿಯರಿಂಗ್ ನಿಯಮಗಳ ಕೈಪಿಡಿಯನ್ನು ಎಲ್ಲರಿಗೂ ತೆರೆದಿಟ್ಟಿದೆ. 2021ರಲ್ಲಿ ಮಂಗಳದಲ್ಲಿ ಹಾರಿದ ಇಂಜೆನ್ಯುಟಿ ಹೆಲಿಕಾಪ್ಟರಿನ ಸಾಫ್ಟ್‌ವೇರಿಗೆ ತಳಪಾಯವಾದ ಎಫ್-ಪ್ರೈಮ್ ಅನ್ನು ಉಚಿತವಾಗಿ ಬಿಟ್ಟಿದೆ, ಮಾಮೂಲಿ ಲಿನಕ್ಸ್ ಕಂಪ್ಯೂಟರಿನಲ್ಲೇ ಅದನ್ನು ಓಡಿಸಿ ನೋಡಬಹುದು. ಅಲ್ಲಿನ ವಿಜ್ಞಾನಿ ಜೆರಾರ್ಡ್ ಹೋಲ್ಜ್‌ಮನ್ 2006ರಲ್ಲಿ ಬರೆದ ಹತ್ತು ನಿಯಮಗಳನ್ನು ನಾವು ಲ್ಯಾಬಿನ ಗೋಡೆಗೆ ಅಂಟಿಸಿದ್ದೇವೆ. ಪ್ರತಿ ಲೂಪಿಗೂ ಒಂದು ಕೊನೆ ಇರಲೇಬೇಕು, ಒಂದು ಫಂಕ್ಷನ್ ಒಂದು ಪುಟ ಮೀರಬಾರದು, ಕಂಪೈಲರ್ ಕೊಡುವ ಒಂದು ಎಚ್ಚರಿಕೆಯನ್ನೂ ಕಡೆಗಣಿಸಬಾರದು, ಹೀಗೆ. ಇದರಿಂದ ಅಮೆರಿಕದ ಗುಟ್ಟು ಏನೂ ಸೋರಿಹೋಗಿಲ್ಲ. ಗುಟ್ಟು ಯಾವುದು, ಪಾಠ ಯಾವುದು ಎಂದು ಬೇರೆ ಮಾಡಲು ಇಸ್ರೊದಲ್ಲಿರುವಷ್ಟು ತಿಳಿದವರು ಬೇರೆಲ್ಲಿದ್ದಾರೆ?

ನಮ್ಮ ಕಡೆಯ ಜನರಿಗೆ ಇದನ್ನು ಅರ್ಥ ಮಾಡಿಸಲು ದೂರ ಹೋಗಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರು ನಿದ್ದೆಗೆಟ್ಟು ಕೂತರು. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರೂ ಕೆಲಸಗಾರರೂ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ನೀರಿಗೆ ಅಡ್ಡ ಇಡುವ ತಡೆ) ಇಳಿಸಿ ನೀರು ಉಳಿಸಿದರು, ಅವರಿಗೆ ನಾವು ಋಣಿ. ಆ ದಿನಗಳಲ್ಲಿ ಚಹದಂಗಡಿಯಲ್ಲಿ ಕೂತ ರೈತರು ಕೇಳುತ್ತಿದ್ದ ಪ್ರಶ್ನೆ ಒಂದೇ, ಉಳಿದ 32 ಗೇಟುಗಳ ಸರಪಳಿ ಹೇಗಿವೆ? ಯಾರನ್ನೋ ಬೈಯುವುದಕ್ಕಲ್ಲ, ಮುಂದಿನ ಬೆಳೆಗೆ ನೀರು ಉಳಿಯುತ್ತದಾ ಎಂದು ತಿಳಿಯಲು. ತಜ್ಞರು ನೋಡಿ ಎಲ್ಲಾ ಗೇಟುಗಳನ್ನೂ ಬದಲಿಸಬೇಕು ಎಂದರು. ಸಾಫ್ಟ್‌ವೇರ್ ದೋಷದ ವರದಿಗೂ ಇದೇ ಉಪಯೋಗ. ಬಿದ್ದ ಒಂದಕ್ಕಿಂತ ಇನ್ನೂ ಬೀಳದೇ ಇರುವವುಗಳಿಗೆ ಅದು ಬೇಕು.

ಅಂಥವು ಇನ್ನು ಮುಂದೆ ಇಸ್ರೊದ ಒಳಗೆ ಮಾತ್ರ ಇರುವುದಿಲ್ಲ. 2020ರ ಸುಧಾರಣೆಯ ನಂತರ ಖಾಸಗಿಯವರೂ ಈ ಕೆಲಸಕ್ಕೆ ಇಳಿದಿದ್ದಾರೆ. ಹೈದರಾಬಾದಿನ ಸ್ಕೈರೂಟ್ 2022ರಲ್ಲಿ, ಚೆನ್ನೈನ ಅಗ್ನಿಕುಲ್ 2024ರಲ್ಲಿ ತಮ್ಮ ರಾಕೆಟ್ ಹಾರಿಸಿ ತೋರಿಸಿದವು. ಎಸ್‌ಎಸ್‌ಎಲ್‌ವಿ ತಯಾರಿಸುವ ಜವಾಬ್ದಾರಿಯೇ 2025ರಲ್ಲಿ ಎಚ್‌ಎಎಲ್ ಪಾಲಿಗೆ ಬಂದಿದೆ. ಒಂದು ಕಡೆ ಬರೆದ ಕೋಡನ್ನು ಇನ್ನೊಂದು ಕಡೆಯವರು ತೆಗೆದುಕೊಂಡು ಮುಂದುವರಿಸುವ ಕಾಲ ಇದು, ಏರಿಯಾನ್-5ಕ್ಕೆ ಪೆಟ್ಟು ಬಿದ್ದದ್ದು ಸರಿಯಾಗಿ ಇಂಥ ಜಾಗದಲ್ಲೇ. ಕೋಡಿನ ಜೊತೆ ಅದರ ಹಿಂದಿನ ಊಹೆಗಳೂ, ಯಾವ ದಿನ ಏನು ಕೆಟ್ಟಿತ್ತು ಎಂಬ ಚರಿತ್ರೆಯೂ ಕೈ ಬದಲಾಗಬೇಕು.

ಬರೀ ದಾಖಲೆ ಮಾಡಿಟ್ಟರೆ ಸಾಲದು ಎಂಬುದನ್ನೂ ಹೇಳಿಬಿಡುತ್ತೇನೆ. ನಾಸಾದಲ್ಲಿ ಕಲಿತ ಪಾಠಗಳನ್ನು ಬರೆದಿಡುವ ದೊಡ್ಡ ವ್ಯವಸ್ಥೆಯೇ ಇದೆ, ಹೊರಗಿನವರೂ ಓದಬಹುದು. ಆದರೆ 2002ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನೆಯವರು ವಿಚಾರಿಸಿದಾಗ ನಾಸಾದ ಎಷ್ಟೋ ಮ್ಯಾನೇಜರುಗಳು ಅದನ್ನು ತೆರೆದೂ ನೋಡುತ್ತಿರಲಿಲ್ಲ ಎಂದು ಗೊತ್ತಾಯಿತು. ಬರೆದದ್ದು ಓದುವ ಹಾಗಿರಬೇಕು, ಓದುವವರ ಭಾಷೆಯಲ್ಲಿ ಇರಬೇಕು, ಓದಿಸುವವರೂ ಇರಬೇಕು. ಅಲ್ಲಿ ನಮ್ಮಂಥ ಮೇಷ್ಟ್ರುಗಳ, ನಿಮ್ಮಂಥ ಪತ್ರಿಕೆಯವರ ಕೆಲಸ ಶುರುವಾಗುತ್ತದೆ.

ಹಾಗಾಗಿ ಇಸ್ರೊದವರಿಗೆ ನನ್ನ ವಿನಂತಿ. ದೊಡ್ಡ ಯೋಜನೆ ಏನೂ ಬೇಡ. ಎಸ್‌ಎಸ್‌ಎಲ್‌ವಿ ಮೊದಲ ಹಾರಾಟದ ವರದಿ, ಚಂದ್ರಯಾನ-2ರ ವರದಿ, 1993ರ ಸೆಪ್ಟೆಂಬರ್ 20ರಂದು ಮೊದಲ ಪಿಎಸ್‌ಎಲ್‌ವಿ ರಾಕೆಟ್ ಬಿದ್ದ ಕಾರಣಗಳ ವರದಿ, ಈ ಮೂರರಿಂದ ಶುರು ಮಾಡಿ. ಮೂರರಲ್ಲೂ ಸಾಫ್ಟ್‌ವೇರಿನ ಪಾತ್ರ ಇದೆ, ಮೂರರ ನಂತರವೂ ನೀವು ಗೆದ್ದಿದ್ದೀರಿ, ಮುಜುಗರಪಡುವಂಥದ್ದು ಅದರಲ್ಲಿ ಏನೂ ಇಲ್ಲ. ನಿಮ್ಮಲ್ಲಿ ಆ ಕೋಡು ಬರೆದವರು, ಪರೀಕ್ಷಿಸಿದವರು ನಿವೃತ್ತರಾಗಿ ಬೆಂಗಳೂರಿನಲ್ಲೇ ಇರುತ್ತಾರೆ. ಅವರಲ್ಲಿ ಕನ್ನಡ ಬಲ್ಲವರು ವರ್ಷಕ್ಕೊಮ್ಮೆಯಾದರೂ ರಾಯಚೂರು, ಕೊಪ್ಪಳ, ಬಳ್ಳಾರಿಯ ಕಾಲೇಜುಗಳಿಗೆ ಬಂದು ಮಾತಾಡಲಿ. ಬರೀ ಸ್ಫೂರ್ತಿಯ ಭಾಷಣ ಬೇಡ, ಬೋರ್ಡಿನ ಮೇಲೆ ಬರೆದು ಒಂದು ದೋಷವನ್ನು ಹೇಗೆ ಹಿಡಿದರು ಎಂದು ತೋರಿಸಲಿ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಉಡಾವಣೆ ಗೆಲ್ಲಲಿ, ಸೋಲಲಿ, ನಿಮ್ಮ ವರದಿಗಾರರು ಸಾಫ್ಟ್‌ವೇರ್ ಬಗ್ಗೆ ಎರಡು ಪ್ರಶ್ನೆ ಕೇಳಲಿ: ಹಿಂದಿನ ಹಾರಾಟದಿಂದ ಈ ಸಲ ಏನು ಬದಲಿಸಿದಿರಿ, ಅದರ ವರದಿ ಎಲ್ಲಿ ಸಿಗುತ್ತದೆ. ಉತ್ತರ ಸಿಕ್ಕರೆ ಅಂಕಿಅಂಶ ಕತ್ತರಿಸದೆ ಅಚ್ಚು ಹಾಕಿ, ನಾವು ಅದನ್ನು ತರಗತಿಯಲ್ಲಿ ಓದಿಸುತ್ತೇವೆ. ಏರಿಯಾನ್-5 ಮತ್ತು ಪಾತ್‌ಫೈಂಡರ್ ವರದಿಗಳ ಮುಖ್ಯ ಭಾಗಗಳನ್ನು ನಮ್ಮ ಹುಡುಗರು ಸರಳ ಕನ್ನಡದಲ್ಲಿ ಬರೆದಿದ್ದಾರೆ. ನಿಮ್ಮ ವಿಜ್ಞಾನ ಪುರವಣಿಯಲ್ಲಿ ಜಾಗ ಇದ್ದರೆ ಕಳಿಸಿಕೊಡುತ್ತೇನೆ.

ಇತಿ,
ಕಂಪ್ಯೂಟರ್ ಸೈನ್ಸ್ ಉಪನ್ಯಾಸಕ, ರಾಯಚೂರು